ಹಳೇ ಸ್ಟಿಲ್ 070: ಪಾಯಿಂಟ್ ಇರಲೋ, ಚಿಪ್ ಹಾಕಲೋ?

ತೋಟದ ಮನೆಯ ಕೊಟ್ಟಿಗೆ ಮೂಲೆಯಲ್ಲಿ ಮರ ಕೊಯ್ಯುವ ಸ್ಟಿಲ್ 070 ಚೈನ್ ಗರಗಸ ಒಂದು ಧೂಳು ತಿನ್ನುತ್ತಾ ಬಿದ್ದಿದ್ದರೆ, ಗುಜರಿಯವನಿಗೆ ಕೊಡುವ ಮೊದಲು ಪ್ಲಗ್ ಬಿಚ್ಚಿ ಕಿಡಿ ಬರುತ್ತಾ ನೋಡಿ. 1968ರ ಸುಮಾರಿಗೆ ಜರ್ಮನಿಯಲ್ಲಿ ಹುಟ್ಟಿದ ಮಾಡೆಲ್ ಇದು. 58 ಮಿ.ಮೀ. ಬೋರ್, 40 ಮಿ.ಮೀ. ಸ್ಟ್ರೋಕ್, ಹತ್ತಿರ ಹತ್ತಿರ 106 ಸಿಸಿ. ಚೈನ್ ಓಡುವ ಬಾರ್ ಸೇರಿಸಿ ಎತ್ತಿದರೆ ಸೊಂಟಕ್ಕೆ ಗೊತ್ತಾಗುತ್ತೆ. ಆದರೆ ಇಬ್ಬರು ತಬ್ಬುವ ಹಲಸಿನ ದಿಮ್ಮಿಗೆ ಇಟ್ಟರೂ ಇಂಜಿನ್ ಕುಗ್ಗುವುದಿಲ್ಲ. ಪಿಸ್ಟನ್, ಕ್ರ್ಯಾಂಕ್ ಸುಲಭಕ್ಕೆ ಸಾಯುವಂಥವಲ್ಲ. ತೊಂದರೆ ಕೊಡುವುದು ಹೆಚ್ಚಾಗಿ ಸ್ಪಾರ್ಕು. ಅದಕ್ಕೇ ಪಾಯಿಂಟ್ (ಕಿಡಿಗಾಗಿ ಕರೆಂಟ್ ಕಡಿಯುವ ಪುಟ್ಟ ಸ್ವಿಚ್) ಇಟ್ಟುಕೊಳ್ಳಬೇಕೋ, ಕಿತ್ತು ಅದೇ ಕೆಲಸದ ಎಲೆಕ್ಟ್ರಾನಿಕ್ ಚಿಪ್ ಹಾಕಬೇಕೋ ಅನ್ನುವ ವಾದ. ನಾನು ಒಂದೇ ಮೆಷಿನ್ನಿನಲ್ಲಿ ಎರಡನ್ನೂ ಓಡಿಸಿ ನೋಡಿದ್ದೇನೆ.

ಪಾಯಿಂಟಿನದ್ದು ಹಳೇ ಯೆಜ್ಡಿ ಬೈಕಿನ ಲೆಕ್ಕವೇ. ಕ್ರ್ಯಾಂಕ್ ಮೇಲಿನ ಕ್ಯಾಮ್ ಪಾಯಿಂಟನ್ನು ಬಿಡಿಸಿದ ಗಳಿಗೆಗೆ ಕಾಯಿಲ್‌ನ ಕರೆಂಟ್ ಕಡಿದು ಪ್ಲಗ್‌ನಲ್ಲಿ ಕಿಡಿ ಹಾರುತ್ತೆ. ಯೆಜ್ಡಿ ಮಾಡುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿದರೂ ಅದರ ಬೈಕ್ ಬಿಚ್ಚಿ ಕೈ ಪಳಗಿದ ಮೆಕ್ಯಾನಿಕ್‌ಗಳು ಇನ್ನೂ ಇದ್ದಾರೆ, ಅವರಿಗೆ ಈ ಗರಗಸ ಪರಕೀಯ ಅಲ್ಲ. ಕಷ್ಟ ಏನೆಂದರೆ ಪಾಯಿಂಟ್ ಕೂತಿರುವುದು ಮ್ಯಾಗ್ನೆಟ್ (ಕ್ರ್ಯಾಂಕ್ ಜೊತೆ ತಿರುಗುವ ಅಯಸ್ಕಾಂತದ ಚಕ್ರ) ಹಿಂದೆ. ಪುಲ್ಲರ್ ಹಾಕಿ ಮ್ಯಾಗ್ನೆಟ್ ಕಳಚದೆ ಸರಿಯಾಗಿ ಕೆಲಸ ಮಾಡಲಾಗದು. ಸುತ್ತಿಗೆಯಲ್ಲಿ ಹೊಡೆದು ಬಿಚ್ಚುವವರ ಕೈಗೆ ಮೆಷಿನ್ ಕೊಡಲೇಬೇಡಿ.

ಮಳೆಗಾಲದಲ್ಲಿ ಸುಮ್ಮನೆ ಇಟ್ಟ ಮೆಷಿನ್ನಿನ ಪಾಯಿಂಟ್ ಮೇಲೆ ಮಂಕು ಪದರ ಕೂರುತ್ತೆ, ಕಿಡಿ ಸತ್ತುಹೋಗುತ್ತೆ. ಇದಕ್ಕೆ ಎಮರಿ ಪೇಪರ್ ಹಾಕಿ ತಿಕ್ಕುವುದು ನಮ್ಮಲ್ಲಿ ರೂಢಿ. ಅದರ ಹರಳು ಲೋಹಕ್ಕೆ ಅಂಟಿ ಮತ್ತೆ ಬೇಗ ಸುಡುತ್ತೆ. ಗಟ್ಟಿ ಬಿಳಿ ಕಾಗದದ ಪಟ್ಟಿಯನ್ನು ಪೆಟ್ರೋಲಿನಲ್ಲಿ ಅದ್ದಿ, ಪಾಯಿಂಟಿನ ಮಧ್ಯೆ ಸಿಕ್ಕಿಸಿ ಎಳೆಯಿರಿ. ಕಾಗದದ ಮೇಲೆ ಕಪ್ಪು ಗೆರೆ ಬರುತ್ತೆ. ಗೆರೆ ನಿಲ್ಲುವವರೆಗೂ ಎಳೆದರೆ ಸಾಕು. ಆಮೇಲೆ ಫೀಲರ್ ಗೇಜಿನಲ್ಲಿ ಗ್ಯಾಪ್ ನೋಡಿ, ನಾನು ಇಡುವುದು 0.4 ಮಿ.ಮೀ. ಟೈಮಿಂಗ್ (ಪಾಯಿಂಟ್ ಬಿಚ್ಚಿಕೊಳ್ಳುವ ಗಳಿಗೆ) ಹಿಡಿಯಲು ಮಲ್ಟಿಮೀಟರ್ ಬೀಪ್ ಸಾಕು, ಆದರೆ ಕಾಯಿಲ್‌ನ ವೈರ್ ಬೇರೆ ಮಾಡಿಕೊಂಡೇ ನೋಡಬೇಕು. ಪ್ರೈಮರಿ ಸುತ್ತಿನ ರೆಸಿಸ್ಟೆನ್ಸ್ ಎಷ್ಟು ಕಡಿಮೆಯೆಂದರೆ, ವೈರ್ ಹಾಗೇ ಬಿಟ್ಟರೆ ಪಾಯಿಂಟ್ ಬಿಚ್ಚಿಕೊಂಡರೂ ಮೀಟರ್ ಕೂಗುತ್ತಲೇ ಇರುತ್ತೆ. ತಣ್ಣಗಿದ್ದಾಗ ಚೆನ್ನಾಗಿ ಓಡಿ, ಬಿಸಿಯಾದ ಮೇಲೆ ನಿಂತು, ಆರಿದ ಮೇಲೆ ಮತ್ತೆ ಶುರುವಾಗುವ ಕಾಯಿಲೆ ಇದ್ದರೆ ಪಾಯಿಂಟನ್ನು ಬೈಯಬೇಡಿ. ಪಾಯಿಂಟಿನ ಜೊತೆಗಿರುವ ಕಂಡೆನ್ಸರ್ ಬದಲಿಸಿ, ಆಮೇಲೂ ಹಾಗೇ ಆದರೆ ಕಾಯಿಲ್ ನೋಡಿ.

ಈಗ ಚಿಪ್. ಬೆಂಕಿಪೆಟ್ಟಿಗೆಗಿಂತ ಚಿಕ್ಕ ಬಿಲ್ಲೆ. ಪಾಯಿಂಟ್, ಕಂಡೆನ್ಸರ್ ಎರಡನ್ನೂ ತೆಗೆದು ಹಳೇ ಕಾಯಿಲ್‌ಗೇ ಇದನ್ನು ಜೋಡಿಸುತ್ತಾರೆ. ಒಂದು ವೈರ್ ಕಾಯಿಲ್‌ಗೆ, ಇನ್ನೊಂದು ಬಾಡಿಗೆ. ಬಾಡಿಗೆ ಕೂರುವ ಜಾಗದಲ್ಲಿ ಪೇಂಟ್ ಕೆರೆದು ಲೋಹ ಕಾಣಿಸಬೇಕು. ಮ್ಯಾಗ್ನೆಟ್ ಹಿಂದಿನ ಗೂಡಿನಲ್ಲಿ ಇಡದೆ, ಫ್ಯಾನ್ ಗಾಳಿ ತಾಗುವಲ್ಲಿ ಬೋಲ್ಟ್ ಮಾಡಿದರೆ ಹೆಚ್ಚು ಬಾಳುತ್ತೆ, ಚಿಪ್‌ಗೆ ಶಾಖವೇ ಶತ್ರು. ಇದನ್ನು ಹಾಕಿದ ಮೇಲೆ ಐಡ್ಲಿಂಗ್ ಎಷ್ಟು ಸಮವಾಯಿತೆಂದರೆ, ಪಾಯಿಂಟಿನಲ್ಲಿ ಅಷ್ಟು ಸಮ ನಾನು ಎಂದೂ ಕೇಳಿರಲಿಲ್ಲ. ಜುಲೈ ತಿಂಗಳಲ್ಲಿ ವಾರಗಟ್ಟಲೆ ಮುಟ್ಟದೆ ಇಟ್ಟು ತೆಗೆದರೂ ಕಿಡಿ ಇತ್ತು. ಇಲ್ಲಿ ಚಿಪ್ ಗೆದ್ದಿತು, ಅದರಲ್ಲಿ ವಾದವೇ ಇಲ್ಲ.

ಸೋತದ್ದು ಸ್ಟಾರ್ಟ್ ಮಾಡಲು ಹಗ್ಗ ಎಳೆಯುವಲ್ಲಿ. ಮ್ಯಾಗ್ನೆಟ್ ಒಂದು ಮಟ್ಟದ ವೇಗಕ್ಕೆ ಬರುವವರೆಗೂ ಚಿಪ್ ಎಚ್ಚರವಾಗುವುದಿಲ್ಲ. ಪಾಯಿಂಟ್ ಸರಿ ಇದ್ದರೆ ಮೆಲ್ಲಗೆ ಎಳೆದರೂ ಕಿಡಿ ಬರುತ್ತೆ. 106 ಸಿಸಿಯ ಕಂಪ್ರೆಶನ್ ವಿರುದ್ಧ ಜೋರಾಗಿ ಎಳೆಯುವುದು ಇಪ್ಪತ್ತೈದರ ಹುಡುಗನಿಗೆ ಆಟ, ಅರವತ್ತು ದಾಟಿದವರ ಭುಜಕ್ಕೆ ಅಲ್ಲ. ಇನ್ನೊಂದು, ಚಿಪ್ ಕಿಡಿ ಬಿಡುವ ಗಳಿಗೆ ಪಾಯಿಂಟಿನ ಗಳಿಗೆಗೆ ಪಕ್ಕಾ ಕೂಡುವುದಿಲ್ಲ. ಮುಂಚಿತವಾದರೆ ಹಗ್ಗ ಕೈಯನ್ನೇ ವಾಪಸ್ ಎಳೆದುಕೊಳ್ಳುತ್ತೆ, ತಡವಾದರೆ ದಿಮ್ಮಿಯೊಳಗೆ ದಮ್ಮು ಸಾಲದು. ಅದನ್ನು ಸರಿಮಾಡಲು ಮ್ಯಾಗ್ನೆಟನ್ನು ಕ್ರ್ಯಾಂಕಿಗೆ ಕೂರಿಸುವ ಕೀ ಅರೆದು ತಿರುಗಿಸುವವರಿದ್ದಾರೆ. ಮ್ಯಾಗ್ನೆಟ್ ಜಾರಿದರೆ ಕ್ರ್ಯಾಂಕೂ ಹೋಯಿತು, ನಾನಂತೂ ಆ ಕಡೆ ತಲೆ ಹಾಕುವುದಿಲ್ಲ. ಚಿಪ್ ಸತ್ತಾಗ ಸೂಚನೆಯೂ ಇಲ್ಲ, ರಿಪೇರಿಯೂ ಇಲ್ಲ.

ಹಾಗಾಗಿ ಸದ್ಯ ನನ್ನದರಲ್ಲಿ ಪಾಯಿಂಟೇ ಇದೆ. ವರ್ಷಕ್ಕೊಮ್ಮೆ, ಗಾಳಿಗೆ ಮರ ಬಿದ್ದಾಗ ಮಾತ್ರ ಮೆಷಿನ್ ತೆಗೆಯುವ ಮನೆಯಾದರೆ ಚಿಪ್ ಹಾಕಿಸಿ, ಒಂದು ಸ್ಪೇರ್ ಇಟ್ಟುಕೊಳ್ಳಿ. ತಿಂಗಳಿಗೆ ನಾಲ್ಕಾರು ಸಲ ಕೆಲಸ ಇದ್ದರೆ ಪಾಯಿಂಟ್ ಬಿಡಬೇಡಿ, ಓಡುತ್ತಿರುವ ಪಾಯಿಂಟ್ ಮಂಕಾಗುವುದು ಕಡಿಮೆ.

ಸೈಲೆನ್ಸರ್‌ಗೆ ತೂತು ಕೊರೆಯುವ ಖಯಾಲಿಯನ್ನೂ ನೋಡಿಯಾಯಿತು. ಸದ್ದು ದುಪ್ಪಟ್ಟು, ಕೊಯ್ತದಲ್ಲಿ ಕಣ್ಣಿಗೆ ಕಾಣುವ ವ್ಯತ್ಯಾಸ ಇಲ್ಲ. ಇದು ಆರ್‌ಪಿಎಂ ಮೆಷಿನ್ ಅಲ್ಲ, ಟಾರ್ಕ್ ಮೆಷಿನ್. ತೂತು ಮಾಡಿ, ಕಾರ್ಬ್ಯುರೇಟರ್‌ನಲ್ಲಿ ಪೆಟ್ರೋಲ್ ಹೆಚ್ಚಿಸುವ ಹೈ ಸ್ಕ್ರೂ ಬಿಚ್ಚದೇ ಬಿಟ್ಟರೆ ಪೆಟ್ರೋಲ್ ಸಾಲದೆ ಪಿಸ್ಟನ್ ಹಿಡಿದುಕೊಳ್ಳುತ್ತೆ.

ಪೆಟ್ರೋಲ್ ವಿಷಯ ಮಾತ್ರ ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಬಂಕಿನಲ್ಲಿ ಈಗ ಸಿಗುವುದು 20% ಎಥನಾಲ್ ಬೆರೆಸಿದ್ದು. ಹಳೇ ರಬ್ಬರ್ ಪೈಪ್ ಮೆತ್ತಗಾಗುತ್ತೆ, ಕಾರ್ಬ್ಯುರೇಟರ್ ಡಯಾಫ್ರಮ್ (ಒಳಗಿನ ತೆಳು ಪರದೆ) ಸೆಟೆದುಕೊಳ್ಳುತ್ತೆ. ನೀರು ಸೇರಿಸಿ ಕುಲುಕಿ ಎಥನಾಲ್ ಬೇರ್ಪಡಿಸುವ ಉಪಾಯವನ್ನೂ ಮಾಡಿ ನೋಡಿದೆ. ಬರುತ್ತೇನೋ ಬರುತ್ತೆ, ಆದರೆ ಆಕ್ಟೇನ್ ಇಳಿದಿರುತ್ತೆ, ತೇವವೂ ಪೂರ್ತಿ ಹೋಗಿರುವುದಿಲ್ಲ, ಪೆಟ್ರೋಲ್ ಬಾಟ್ಲಿ ಹಿಡಿದು ಆಡುವ ಅಪಾಯ ಬೇರೆ. ಅದಕ್ಕಿಂತ ಆ ದಿನಕ್ಕೆ ಬೇಕಾದಷ್ಟೇ ಪೆಟ್ರೋಲಿಗೆ ಆಯಿಲ್ ಕಲೆಸಿ (ಸಾಮಾನ್ಯ 2T ಆಯಿಲ್ ಆದರೆ ಲೀಟರಿಗೆ 40 ಮಿ.ಲೀ.), ಸಂಜೆ ಟ್ಯಾಂಕ್ ಬಗ್ಗಿಸಿ, ಕಾರ್ಬ್ಯುರೇಟರ್‌ನಲ್ಲಿ ಉಳಿದದ್ದು ಮುಗಿದು ತಾನೇ ನಿಲ್ಲುವವರೆಗೆ ಓಡಿಸುವುದು ಲೇಸು. ಕಾರ್ಬ್ಯುರೇಟರ್ ರಿಪೇರಿ ಕಿಟ್ ತರುವಾಗ ಎಥನಾಲ್ ತಡೆಯುವ ಡಯಾಫ್ರಮ್ಮೇ ಬೇಕು ಅಂತ ಕೇಳಿ ತನ್ನಿ.

ಚೈನ್ .404 ಇಂಚು ಪಿಚ್ (ಕೊಂಡಿಗಳ ಅಂತರದ ಅಳತೆ), ಅರ ಹಾಕಲು 5.5 ಮಿ.ಮೀ. ಫೈಲ್. ಚೂಪು ಮೂಲೆಯ ಫುಲ್ ಚಿಸೆಲ್ ಹಲ್ಲು ಶುಚಿಯಾದ ಸಿಲ್ವರ್ ಓಕ್ ಮರದಲ್ಲಿ ಬೆಣ್ಣೆ ಕೊಯ್ದ ಹಾಗೆ ಹೋಗುತ್ತೆ. ಆದರೆ ಮಣ್ಣಿನಲ್ಲಿ ಉರುಳಿದ ದಿಮ್ಮಿ ತಾಗಿದರೆ ಕ್ಷಣಕ್ಕೆ ಮೊಂಡು. ಮೂಲೆ ಉರುಟಾದ ಸೆಮಿ ಚಿಸೆಲ್ ನಿಧಾನ, ಆದರೆ ಅರ ಹೆಚ್ಚು ಹೊತ್ತು ನಿಲ್ಲುತ್ತೆ. ಬಿದ್ದ ಮರ ಕೊಯ್ಯುವವರಿಗೆ ಅದೇ ಸರಿ.

ಕೊನೆಗೆ ಒಂದು, ಹಳೇ 070ಗಳಲ್ಲಿ ಚೈನ್ ಬ್ರೇಕ್ (ಗರಗಸ ಹಿಂದಕ್ಕೆ ಚಿಮ್ಮಿದರೆ ಚೈನ್ ನಿಲ್ಲಿಸುವುದು) ಇರುವುದಿಲ್ಲ. ನೆಲದ ಮೇಲಿನ ದಿಮ್ಮಿಗೆ ಮಾತ್ರ ಇದನ್ನು ಬಳಸಿ. ಮರ ಹತ್ತಿ ಸೊಪ್ಪು ಕಸಿಯಲು, ಭುಜದ ಮೇಲೆತ್ತಿ ಕೊಂಬೆ ಕತ್ತರಿಸಲು ಬ್ರೇಕ್ ಇರುವ ಚಿಕ್ಕ ಹೊಸ ಮೆಷಿನ್ನೇ ಆಗಬೇಕು.