ಟೈರ್ ನೆಲಕಚ್ಚಿತ್ತು, ಪರದೆಯ ಮೇಲೆ ಮಾತ್ರ 33: ಪುಣೆಯಲ್ಲಿರುವವರು ದಯವಿಟ್ಟು ಓದಿ

ಟೈರಿನ ಗಾಳಿ ಅಳೆಯುವ ಸೆನ್ಸರ್ ಹಾಕಿಸಲು ಹೋಗಿ ನನಗೆ ಮೋಸವಾಗಿದೆ. ನಾಚಿಕೆಯಿಂದ ಎರಡು ವಾರ ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ಆದರೆ ಪುಣೆಯಲ್ಲಿ ಹಳೆಯ ಕಾರು ಇಟ್ಟುಕೊಂಡು ಹಬ್ಬಹರಿದಿನಕ್ಕೆ ಬೆಳಗಾವಿ, ಹುಬ್ಬಳ್ಳಿ ಕಡೆಗೆ ಹೋಗಿಬರುವ ನಮ್ಮವರು ಬಹಳ ಮಂದಿ ಇರುವುದರಿಂದ ಬರೆಯುತ್ತಿದ್ದೇನೆ.

ನನ್ನದು 2011ರ ವ್ಯಾಗನ್ ಆರ್. ಟೈರಿನ ಗಾಳಿ ಇಳಿದರೆ ಎಚ್ಚರಿಸುವ ಸಾಧನ ಅದರಲ್ಲಿಲ್ಲ. ವಾಲ್ವಿನ ಮೇಲೆ ತಿರುಗಿಸುವ ಕ್ಯಾಪ್ ಸೆನ್ಸರ್ ಸಾಕೆಂದು ಹೋದವನಿಗೆ, ಅದು ಕಳುವಾಗುತ್ತದೆ, ಗಾಳಿ ಸೋರುತ್ತದೆ ಎಂದು ಹೆದರಿಸಿ, ರಿಮ್ಮಿನ ಒಳಗೆ ಕೂರುವುದನ್ನೇ ಹಾಕಿಸಿ ಎಂದವನು ಅಂಗಡಿಯವನು. ವಿಜಯಪುರದ ಕಡೆಯ ಕನ್ನಡ ಮಾತನಾಡುತ್ತಿದ್ದ. ಅದೊಂದೇ ಕಾರಣಕ್ಕೆ ನಂಬಿದೆ. ಪೆಟ್ಟಿಗೆಯ ಸೀಲು ನೋಡಲಿಲ್ಲ, ಪಕ್ಕಾ ಬಿಲ್ಲು ಕೇಳಲಿಲ್ಲ. ನಾಲ್ಕೂ ಟೈರು ಬಿಚ್ಚಿ ಕೂರಿಸಿ, ಬ್ಯಾಲೆನ್ಸಿಂಗ್ ಮಾಡಿ 6,400 ರೂಪಾಯಿ ತೆಗೆದುಕೊಂಡ. ಕಾರಿನೊಳಗೆ ಸೆನ್ಸರಿನ ಅಂಕಿ ತೋರಿಸುವ ಪರದೆಯಲ್ಲಿ ನಾಲ್ಕೂ ಚಕ್ರಗಳ ಗಾಳಿಯ ಒತ್ತಡ 33 ಪಿಎಸ್‌ಐ ಎಂದು ಮೂಡಿತು.

ಮುಂದಿನ ವಾರ ತಾಯಿ ಮತ್ತು ಹೆಂಡತಿಯೊಂದಿಗೆ ಪುಣೆಯಿಂದ ಹೊರಟೆ. ಓಡಿದ ಟೈರು ಬಿಸಿಯಾದಂತೆ ಒತ್ತಡ ಮೂರ್ನಾಲ್ಕು ಪಿಎಸ್‌ಐ ಏರಬೇಕು. ಮೂರು ಚಕ್ರಗಳ ಅಂಕಿ ಏರಿತು, ಮುಂದಿನ ಎಡಚಕ್ರದ್ದು ಏರಲಿಲ್ಲ. ನೋಡಿಯೂ ನಿರ್ಲಕ್ಷಿಸಿದೆ. ಸಾತಾರಾಕ್ಕೆ ಮೊದಲು ಸಿಗುವ ಖಂಬಾಟ್ಕಿ ಘಾಟ್ ಏರುವಾಗ ಸ್ಟೀರಿಂಗ್ ಎಡಕ್ಕೆ ಎಳೆಯತೊಡಗಿತು. ಪರದೆ 33 ಎನ್ನುತ್ತಿದೆಯಲ್ಲ, ರಸ್ತೆಯೇ ಸರಿಯಿಲ್ಲವೇನೋ ಎಂದುಕೊಂಡು ಇನ್ನೂ ಸ್ವಲ್ಪ ದೂರ ಓಡಿಸಿದೆ. ಸುಟ್ಟ ರಬ್ಬರಿನ ವಾಸನೆ ಬಂದಾಗ ಇಳಿದು ನೋಡಿದರೆ ಟೈರು ನೆಲಕಚ್ಚಿ, ಅದರ ಬದಿಯ ರಬ್ಬರು ಹರಿದಿತ್ತು. ಒಳಗೆ ಬಗ್ಗಿ ಪರದೆ ನೋಡಿದೆ. 33. ಆಗಲೂ 33! ನನ್ನ ಕಣ್ಣಿಗಿಂತ ಆ ಅಂಕಿಯನ್ನು ನಂಬಿ ತಾಯಿಯನ್ನು ಕೂರಿಸಿಕೊಂಡು ಘಾಟ್ ಏರುತ್ತಿದ್ದೆನಲ್ಲ ಎಂದು ಕೈ ನಡುಗಿತು.

ಸಾತಾರಾದಲ್ಲಿ ಟೈರು ಬಿಚ್ಚಿಸಿದಾಗ ಸತ್ಯ ತಿಳಿಯಿತು. ಸೆನ್ಸರಿನ ಮೈಮೇಲೆ ಪಂಕ್ಚರ್ ಮುಚ್ಚಲೆಂದು ಟೈರಿನೊಳಗೆ ಹಾಕುವ ದ್ರಾವಣ ಒಣಗಿ ಅಂಟಿತ್ತು. ನನ್ನ ಟೈರಿಗೆ ಅಂಥದ್ದನ್ನು ನಾನೆಂದೂ ಹಾಕಿಸಿಲ್ಲ. ಬೇರೆ ಯಾವುದೋ ಕಾರಿನಿಂದ ಕಿತ್ತದ್ದನ್ನು ಹೊಸದೆಂದು ಮಾರಿದ್ದ. ಇದರ ಬ್ಯಾಟರಿ ಒಳಗೇ ಮುಚ್ಚಿರುತ್ತದೆ, ಬದಲಿಸಲು ಬರುವುದಿಲ್ಲ. ಬ್ಯಾಟರಿ ಸತ್ತಿತ್ತು, ಆ ಪರದೆ ಕೊನೆಗೆ ಬಂದ ಅಂಕಿಯನ್ನೇ ಹಿಡಿದು ಕುಳಿತಿತ್ತು.

ಅಂಗಡಿಯವನಿಗೆ ಫೋನ್ ಮಾಡಿದೆ. ಮೊದಲು, ‘ಘಾಟಿನ್ಯಾಗ ಸಿಗ್ನಲ್ ಬರಂಗಿಲ್ರಿ’ ಎಂದ. ಸೆನ್ಸರಿಗೂ ಪರದೆಗೂ ಇರುವ ದೂರ ಎರಡು ಮೀಟರ್! ಆಮೇಲೆ, ‘ನಿಮ್ಮ ಗಾಡಿ ಹಳೇದೈತ್ರಿ’ ಎಂದ. ಹಳೆಯದೆಂದೇ ತಾನೇ ಅವನ ಬಳಿ ಹೋದದ್ದು? ಅಂಗಡಿಗೇ ಹೋಗಿ ಸೆನ್ಸರ್ ಮುಂದಿಟ್ಟಾಗ, ‘ಬೇರೆಯವರ ಕೈಲೆ ಬಿಚ್ಚಿಸೀರಿ, ಗ್ಯಾರಂಟಿ ಹೋತು’ ಎಂದವನೇ ಮುಂದಿನ ಗಿರಾಕಿಯನ್ನು ಮರಾಠಿಯಲ್ಲಿ ಮಾತನಾಡಿಸಲು ತಿರುಗಿದ. ನನ್ನ ಭಾಷೆಯಲ್ಲೇ ನನ್ನನ್ನು ಮೋಸಗೊಳಿಸಿದ್ದು ಎಲ್ಲಕ್ಕಿಂತ ಹೆಚ್ಚು ಉರಿಯಿತು.

ಹಾಕಿಸುವುದಿದ್ದರೆ ಸೀಲು ನಿಮ್ಮೆದುರೇ ಒಡೆಸಿ, ಜಿಎಸ್‌ಟಿ ಬಿಲ್ಲು ಪಡೆಯಿರಿ. ಹಣ ಕೊಡುವ ಮೊದಲು ಪ್ರತಿ ಚಕ್ರದಿಂದಲೂ ಗಾಳಿ ಬಿಡಿಸಿ, ಅಂಕಿ ಇಳಿದು ಅಲಾರಾಂ ಕೂಗುವವರೆಗೆ ಅಲ್ಲಿಂದ ಕದಲಬೇಡಿ. ನಮ್ಮ ಕಡೆಯವನೆಂದು ಯಾರನ್ನೂ ನಂಬಬೇಡಿ. ಉಳಿದ ಮೂರು ಸೆನ್ಸರ್‌ಗಳು ಇನ್ನೂ ನನ್ನ ಚಕ್ರಗಳಲ್ಲೇ ಇವೆ. ಪರದೆಯನ್ನು ಕಿತ್ತಿಟ್ಟು, ಹೊರಡುವ ಮುನ್ನ ಕೈಯ ಗೇಜಿನಿಂದ ಅಳೆಯುತ್ತಿದ್ದೇನೆ.