ಹಗುರ ಕೋವಿ ಕಡಿಮೆ ಒದೆಯುತ್ತೆ ಅಂದರೆ ನಂಬಬೇಡಿ

ಎಡಗೈ ಒಂದರಲ್ಲೇ ತಲೆ ಬಾಚಿಕೊಳ್ಳೋದು ಹೇಗೆ ಅಂತ ನಾನು ನಲವತ್ತೆಂಟನೇ ವಯಸ್ಸಿನಲ್ಲಿ ಕಲಿತೆ. ಹನ್ನೊಂದು ದಿನ ಬಲಗೈ ಭುಜದಿಂದ ಮೇಲಕ್ಕೆ ಏಳಲಿಲ್ಲ. ಭುಜದಿಂದ ತೋಳಿನವರೆಗೆ ನೇರಳೆ ಹಣ್ಣು ಉಜ್ಜಿದ ಹಾಗೆ ಬಣ್ಣ. ಬಿದ್ದು ಮಾಡಿಕೊಂಡಿದ್ದಲ್ಲ, ದುಡ್ಡು ಕೊಟ್ಟು ಕೊಂಡು ತಂದಿದ್ದು. ಹೊಸದಾಗಿ ಕೋವಿ ತಗೊಳ್ಳೋಕೆ ಹೊರಟವರು, ಅದರಲ್ಲೂ ನನ್ನ ಹಾಗೆ ಸಣ್ಣ ಮೈಕಟ್ಟಿನವರು, ಮುಂಗಡ ಕೊಡೋ ಮೊದಲು ಇದನ್ನು ಓದಿಕೊಳ್ಳಿ.

ಸಕಲೇಶಪುರದ ಕಡೆ ನಮ್ಮದು ಸಣ್ಣ ಕಾಫಿ ತೋಟ. ಅಪ್ಪ ಹೋದ ಮೇಲೆ ಲೈಸೆನ್ಸ್ ನನ್ನ ಹೆಸರಿಗೆ ಬಂತು. ಅವರ ಒಂಟಿ ನಳಿಗೆ ಕೋವಿ ಮಾತ್ರ ಒಳಗೆಲ್ಲ ತುಕ್ಕು ತಿಂದು ಕೂತಿತ್ತು. ಅಪ್ಪನಿಗೆ ಗುರಿ ಹೊಡೆಯೋ ಹುಚ್ಚು ಜಾಸ್ತಿ. 2004ರಲ್ಲಿ ಏಥೆನ್ಸ್‌ನಲ್ಲಿ ರಾಜ್ಯವರ್ಧನ್ ಸಿಂಗ್ ರಾಥೋಡ್ ಡಬಲ್ ಟ್ರ್ಯಾಪ್‌ನಲ್ಲಿ ಬೆಳ್ಳಿ ಗೆದ್ದ ದಿನ ಮನೆಗೆ ಬಂದವರಿಗೆಲ್ಲ ಕಾಫಿ ಜೊತೆ ಮೈಸೂರು ಪಾಕ್ ಕೊಟ್ಟಿದ್ದರು. ಆ ಹುಚ್ಚು ನನಗೂ ಸ್ವಲ್ಪ ಅಂಟಿದೆ. ಹಾರೋ ತಟ್ಟೆಗೆ ಹೊಡೆಯೋ ಕ್ಲೇ ಶೂಟಿಂಗ್ ಕಲಿಯಬೇಕು ಅನ್ನೋ ಆಸೆಯಿಂದ, 2023ರ ಮಳೆ ಮುಗಿದ ಮೇಲೆ ಒಬ್ಬ ಡೀಲರ್ ಹತ್ತಿರ ಹೋದೆ.

"ಒದೆತ ಕಡಿಮೆ ಇರೋದು ಬೇಕು" ಅಂತ ಮೊದಲೇ ಹೇಳಿದ್ದೆ. ಒದೆತ ಅಂದರೆ ಈಡು ಹಾರಿದಾಗ ಕೋವಿ ಹಿಂದಕ್ಕೆ ಭುಜಕ್ಕೆ ಕೊಡೋ ಏಟು.

"ಹಾಗಾದ್ರೆ ನಿಮಗೆ ಇದೇ ಸರಿ ಮೇಡಂ. ಹಿಡಿದು ನೋಡಿ, ಎಷ್ಟು ಹಗುರ ಇದೆ! ಹಕ್ಕಿ ಶಿಕಾರಿಗೆ ಅಂತಲೇ ಮಾಡಿದ್ದು. ಒದೆಯೋದೇ ಇಲ್ಲ."

ಇಂಗ್ಲೆಂಡಿನ ಹಳೇ ಜೋಡು ನಳಿಗೆ, 12 ಬೋರ್ (ಬೋರ್ ಅಂದರೆ ನಳಿಗೆಯ ಒಳಗಿನ ಅಗಲದ ಅಳತೆ). ತೂಕ 2.7 ಕೆಜಿ. ಕಬ್ಬಿಣದ ಮೇಲೆ ಬಳ್ಳಿ ಕೆತ್ತನೆ, ಆಕ್ರೋಟು ಮರದ ಹಿಡಿ, ಹಿಂಬದಿಗೆ ಕಪ್ಪು ಗಟ್ಟಿ ತಟ್ಟೆ. ಕೈಗೆ ತಗೊಂಡ ತಕ್ಷಣ ನನಗೂ ಹಗುರ ಅಂದರೆ ಮೆತ್ತಗೆ ಅಂತಲೇ ಅನ್ನಿಸಿತು. ಬುದ್ಧಿ ಎಲ್ಲಿಗೆ ಹೋಗಿತ್ತೋ. ಕಾಫಿ ಚೀಲ ಹೊತ್ತ ತಳ್ಳುಗಾಡಿ ಒದ್ದರೆ ಅಲುಗಲ್ಲ, ಖಾಲಿ ಗಾಡಿ ಒದ್ದರೆ ಓಡುತ್ತೆ. ತೋಟದಲ್ಲಿ ದಿನಾ ನೋಡೋ ವಿಷಯ ಅದು.

ಆತ ಪೂರ್ತಿ ಸುಳ್ಳು ಹೇಳಿರಲಿಲ್ಲ. ಆ ಕೋವಿ ಹಕ್ಕಿ ಶಿಕಾರಿಗೇ ಮಾಡಿದ್ದು. ದಿನವಿಡೀ ಹೆಗಲ ಮೇಲೆ ಹೊತ್ತು ಗುಡ್ಡ ಸುತ್ತಬೇಕು, ಹೊಡೆಯೋದು ಐದಾರು ಈಡು, ಅದಕ್ಕೆ ಹಗುರ. ಕ್ಲೇ ಶೂಟಿಂಗ್ ಲೆಕ್ಕ ಬೇರೆ. ಒಂದು ಸುತ್ತಿಗೆ 25 ತಟ್ಟೆ, ಒಂದು ಬೆಳಿಗ್ಗೆ ಎರಡು ಮೂರು ಸುತ್ತು. ನಡೆದಾಟ ಇಲ್ಲ, ಹೊಡೆದಾಟವೇ ಎಲ್ಲ.

ಇನ್ನು ಹಕ್ಕಿ ಶಿಕಾರಿ ಅನ್ನೋ ಮಾತಿಗೇ ಮರುಳಾಗೋರು ನಮ್ಮ ಕಡೆ ಇನ್ನೂ ಇದ್ದಾರೆ. ಅಜ್ಜನ ಕಾಲದ ಕಾಡುಕೋಳಿ ಕತೆ ಎಲ್ಲರ ಮನೆಯಲ್ಲೂ ಇದೆ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ಕಾಡುಕೋಳಿ, ಹಸಿರು ಪಾರಿವಾಳ, ನವಿಲು ಯಾವುದಕ್ಕೂ ಗುರಿ ಇಡೋ ಹಾಗಿಲ್ಲ, ಜೈಲೇ ಗತಿ. ವಿದೇಶದವರ ವಿಡಿಯೋದಲ್ಲಿ ಬಾತುಕೋಳಿ ಹೊಡೆಯೋದು ನೋಡಿ ಅದಕ್ಕೆ ತಕ್ಕ ಕೋವಿ ಹುಡುಕಬೇಡಿ. ಇಲ್ಲಿ ಆ ಕೆಲಸವೇ ಇಲ್ಲ.

ಕೋವಿ ಜೊತೆ ಡೀಲರ್ ತೋಟಾನೂ (ಕೋವಿಗೆ ತುಂಬೋ ಕಾರ್ಟ್ರಿಜ್) ಕೊಟ್ಟ. 36 ಗ್ರಾಂ ಚರೆ (ಸೀಸದ ಸಣ್ಣ ಗುಂಡು) ತುಂಬಿದ, 70 ಮಿಲಿಮೀಟರ್ ಉದ್ದದ್ದು. "ಎಲ್ಲರೂ ಇದನ್ನೇ ತಗೊಳ್ಳೋದು" ಅಂದ. ನಿಜ, ಹಂದಿ ಕಾಟಕ್ಕೆ ಅಂತ ಲೈಸೆನ್ಸ್ ಇಟ್ಟುಕೊಂಡವರು ಜೋರಾದದ್ದನ್ನೇ ಕೇಳ್ತಾರೆ.

ರೇಂಜ್‌ನಲ್ಲಿ ಮೊದಲ ಈಡಿಗೇ ಕೆನ್ನೆಮೂಳೆಗೆ ಏಟು. ಎರಡನೆಯದಕ್ಕೆ ಕುದುರೆ (ಟ್ರಿಗರ್) ಸುತ್ತ ಇರೋ ಬಳೆ ಹಿಂದಕ್ಕೆ ಬಂದು ನಡುಬೆರಳಿಗೆ ಬಡಿಯಿತು. ಆರೇಳು ಈಡು ಆಗೋ ಹೊತ್ತಿಗೆ ಕಣ್ಣು ತಾನಾಗೇ ಮುಚ್ಚೋಕೆ ಶುರು. ಅಂಗೈಗಿಂತ ಸ್ವಲ್ಪ ಅಗಲ ಇರೋ ತಟ್ಟೆ ಅದು, 110 ಮಿಲಿಮೀಟರ್, 105 ಗ್ರಾಂ. ಕಣ್ಣು ಮುಚ್ಚಿ ಅದಕ್ಕೆ ಹೊಡೆಯೋದು ಹೇಗೆ? ಹಠ ಬಿಡದೆ 25 ಮುಗಿಸಿದೆ. ಒಡೆದದ್ದು ಎರಡು.

ಮನೆಗೆ ಬಂದು ಮಾಡಿದ ಎರಡನೇ ತಪ್ಪು, ಹಿಡಿಯ ಹಿಂಬದಿಗೆ ತೊಡಿಸೋ ರಬ್ಬರ್ ಚೀಲ ತರಿಸಿದ್ದು. ಭುಜದ ಬಣ್ಣ ಇಳಿದ ಮೇಲೆ ಅದನ್ನು ಹಾಕಿ ಹೊಡೆದೆ. ಇನ್ನೂ ಕೆಟ್ಟದಾಯಿತು. ಯಾಕೆ ಅಂತ ಆಗ ಗೊತ್ತಾಗಲಿಲ್ಲ.

ಗೊತ್ತಾಗಿದ್ದು ಸೋಮವಾರಪೇಟೆಯಿಂದ ಚಿಕ್ಕಪ್ಪ ಬಂದಾಗ. ಕೊಡಗಿನ ಕೈಲ್ ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯೋ ಸ್ಪರ್ಧೆ ನಡೆದರೆ ಅವರನ್ನು ಹಿಡಿಯೋರಿಲ್ಲ. "ಎಲ್ಲಿ, ಹೊಡೆದ ತೋಟಾ ಕೊಡು ಮಗ" ಅಂದರು. ರೇಂಜ್‌ಗೆ ಒಯ್ದ ಕೈಚೀಲದಲ್ಲಿ ಇನ್ನೂ ಇದ್ದವು. ಒಂದನ್ನು ಬೆಳಕಿಗೆ ಹಿಡಿದು ಅದರ ಬಾಯಿ ಸವರಿದರು. ಅಂಚು ನೆಟ್ಟಗೆ ಇರಲಿಲ್ಲ. ಇಲಿ ಕಚ್ಚಿದ ಹಾಗೆ ಹರಿದು, ತೆಳ್ಳಗೆ ಎಳೆ ಎಳೆ ಬಿಟ್ಟಿತ್ತು.

ಆಮೇಲೆ ನಳಿಗೆ ಕಳಚಿ ಅಡಿಭಾಗ ತೋರಿಸಿದರು. ತೋಟಾ ಕೂರೋ ಜಾಗದ ಕೆಳಗೆ, ಕನ್ನಡಕ ಹಾಕಿಕೊಂಡರೆ ಮಾತ್ರ ಕಾಣೋ ಗುರುತು: 2½ ಇಂಚು. ಅಂದರೆ ಸುಮಾರು 65 ಮಿಲಿಮೀಟರ್. ನಾನು ಹಾಕಿದ್ದು 70.

"ಮತ್ತೆ ಒಳಗೆ ಸಲೀಸಾಗಿ ಕೂತಿತಲ್ಲ ಚಿಕ್ಕಪ್ಪ?"

"ಕೂರುತ್ತೆ. ಹೊಡೆಯದ ತೋಟಾದ ಬಾಯಿ ಮಡಚಿರುತ್ತೆ. ಆ 70 ಅನ್ನೋದು ಮಡಿಕೆ ಬಿಚ್ಚಿದ ಮೇಲಿನ ಅಳತೆ."

ಇದೇ ನಾನು ಎಲ್ಲರಿಗೂ ಕೂಗಿ ಹೇಳಬೇಕು ಅಂದುಕೊಂಡಿರೋ ವಿಷಯ. ಈಡು ಹಾರಿದಾಗ ಮಡಿಕೆ ಬಿಚ್ಚಿಕೊಳ್ಳೋಕೆ ಜಾಗ ಸಾಲಲ್ಲ. ಬಾಯಿ ಮುಂದಿನ ಇಕ್ಕಟ್ಟಿಗೆ ನುಗ್ಗುತ್ತೆ, ಚರೆ ಹೋಗೋ ದಾರಿ ಕಿರಿದಾಗುತ್ತೆ, ಒಳಗಿನ ಒತ್ತಡ ಏರುತ್ತೆ. ಒದೆತ ಜಾಸ್ತಿ ಆಗೋದು ಸಣ್ಣ ಮಾತು. ಹಳೇ ನಳಿಗೆ ಸೀಳಿದ್ದರೆ ಈ ಬರಹ ಬರೆಯೋಕೆ ಬೆರಳು ಇರುತ್ತಿರಲಿಲ್ಲ. ತೋಟಾ ಒಳಗೆ ಕೂತಿತು ಅಂದರೆ ಸರಿಯಾಯಿತು ಅಂತ ತಿಳಿಯಬೇಡಿ.

ಆಮೇಲೆ ತೂಕದ ಲೆಕ್ಕ. ಇಂಗ್ಲೆಂಡಿನ ಹಳೇ ಕೋವಿ ಮಾಡೋರಲ್ಲಿ ಒಂದು ಅಂದಾಜು ಇತ್ತಂತೆ: ಚರೆಯ ತೂಕದ 96 ಪಟ್ಟಾದರೂ ಕೋವಿ ತೂಗಬೇಕು. ಚಿಕ್ಕಪ್ಪ ಕ್ಯಾಲೆಂಡರ್ ಹಿಂದೆ ಬರೆದು ತೋರಿಸಿದರು. 36 ಗ್ರಾಂಗೆ ಸುಮಾರು ಮೂರೂವರೆ ಕೆಜಿ ಬೇಕು. ನನ್ನ 2.7 ಕೆಜಿ ಕೋವಿಗೆ 28 ಗ್ರಾಮೇ ಗಡಿ, ಅದೂ ದಿನಕ್ಕೆ ನಾಲ್ಕಾರು ಈಡು ಹೊಡೆಯೋರಿಗೆ. ಒಲಿಂಪಿಕ್ಸ್‌ನ ಟ್ರ್ಯಾಪ್, ಸ್ಕೀಟ್ ಅನ್ನೋ ತಟ್ಟೆ ಹೊಡೆಯೋ ಆಟಗಳಲ್ಲಿ ಆ ಗಟ್ಟಿಮುಟ್ಟಾದ ಆಟಗಾರರು ಹೊಡೆಯೋದೇ 24 ಗ್ರಾಂ ತೋಟಾ. ಅವರ ಕೋವಿ ಮೂರೂವರೆ ಕೆಜಿ ಮೇಲೆ. ನಾನು ಅವರಿಗಿಂತ ಒಂದೂವರೆ ಪಟ್ಟು ಚರೆಯನ್ನು ಮುಕ್ಕಾಲು ಪಾಲು ತೂಕದ ಕೋವಿಯಲ್ಲಿ ಹಾರಿಸಿದ್ದೆ. ಒದೆತದ ಶಕ್ತಿ ಲೆಕ್ಕ ಹಾಕಿದರೆ ಅವರಿಗೆ ಬೀಳೋದರ ಎರಡು ಪಟ್ಟಿಗಿಂತ ಜಾಸ್ತಿ ನನ್ನ ಭುಜಕ್ಕೆ ಬಿದ್ದಿದೆ.

ರಬ್ಬರ್ ಚೀಲದ ಗುಟ್ಟೂ ಅಂದೇ ಬಿಚ್ಚಿತು. ನಾನು ಐದು ಅಡಿ ಒಂದು ಇಂಚು. ಕೋವಿಯ ಹಿಡಿ ಆರಡಿ ಗಂಡಸರ ಅಳತೆಯದು. ಉದ್ದ ಜಾಸ್ತಿ ಆದರೆ ಅದು ಭುಜದ ಗುಳಿಯಲ್ಲಿ ಕೂರಲ್ಲ, ತೋಳಿನ ಮೇಲೆ ಜಾರುತ್ತೆ. ಚೀಲ ತೊಡಿಸಿ ನಾನು ಇನ್ನೊಂದು ಇಂಚು ಉದ್ದ ಮಾಡಿಕೊಂಡಿದ್ದೆ. ಅಳತೆಗೆ ತಕ್ಕಂತೆ ಮರ ಕೊಯ್ಯಿಸಿ ಆಮೇಲೆ ರಬ್ಬರ್ ಕೂರಿಸಬೇಕಿತ್ತು. ಅಳತೆ ನೋಡೋಕೆ ಖಾಲಿ ಕೋವಿ ಸಾಕು. ಕಣ್ಣು ಮುಚ್ಚಿ ಭುಜಕ್ಕೆ ತಂದು ಕಣ್ಣು ತೆರೆಯಿರಿ. ಕತ್ತು ಚಾಚದೆ, ಕೆನ್ನೆ ಒತ್ತದೆ ನಳಿಗೆಯ ಮೇಲ್ಭಾಗ ನೇರ ಕಂಡರೆ ಸರಿ. ಇಷ್ಟನ್ನು ಅಂಗಡಿಯಲ್ಲೇ ಮಾಡಬಹುದಿತ್ತು. ನಾನು ಬಳ್ಳಿ ಕೆತ್ತನೆ ನೋಡ್ತಾ ನಿಂತಿದ್ದೆ.

ಹಾಗಾದರೆ 20 ಬೋರ್ ತಗೊಳ್ಳಿ ಅನ್ನೋರು ಬರ್ತಾರೆ. ಅದರ ನಳಿಗೆ 12ರದ್ದಕ್ಕಿಂತ ಕಿರಿದು, ಚರೆ ಕಡಿಮೆ, ನಿಜ. ಆದರೆ ಆ ಕೋವಿಗಳೂ ಹಗುರ, ಹಾಗಾಗಿ ಗಳಿಸಿದ್ದು ಅಲ್ಲಿಂದಲ್ಲಿಗೆ. ಇನ್ನೊಂದು ಭಯ ಇದೆ. 20 ಬೋರ್ ತೋಟಾ ತಪ್ಪಿ 12 ಬೋರ್ ನಳಿಗೆಗೆ ಬಿದ್ದರೆ ಜಾರಿ ಮುಂದೆ ಹೋಗಿ ಸಿಕ್ಕಿಕೊಳ್ಳುತ್ತೆ. ಖಾಲಿ ಇದೆ ಅಂದುಕೊಂಡು ಹಿಂದೆ 12ರದ್ದು ಹಾಕಿ ಹೊಡೆದರೆ ನಳಿಗೆ ಸಿಡಿಯುತ್ತೆ. ಅದಕ್ಕೇ 20 ಬೋರ್ ತೋಟಾಗೆ ಹಳದಿ ಬಣ್ಣ ಕೊಡೋ ವಾಡಿಕೆ. ಒಂದೇ ಮನೆಯಲ್ಲಿ ಎರಡೂ ಇದ್ದರೆ ಒಂದೇ ಚೀಲದಲ್ಲಿ ಇಡಲೇಬೇಡಿ. ಈಡಿನ ಗ್ಯಾಸ್‌ನಿಂದಲೇ ಮುಂದಿನ ತೋಟಾ ತಾನಾಗಿ ತುಂಬಿಕೊಳ್ಳೋ ಆಟೋಲೋಡರ್ ಕೋವಿ ಒದೆತವನ್ನು ನಿಜಕ್ಕೂ ಮೆತ್ತಗೆ ಮಾಡುತ್ತೆ, ಆದರೆ ಅಂಥದ್ದು ನಮ್ಮ ಕಡೆ ಮಾರಾಟಕ್ಕೆ ಇದ್ದಿದ್ದನ್ನು ನಾನಂತೂ ನೋಡಿಲ್ಲ.

ಆಮೇಲೊಮ್ಮೆ ಚಿಕ್ಕಪ್ಪನ ಪರಿಚಯದವರೊಬ್ಬರು ರೇಂಜ್‌ನಲ್ಲಿ ತಮ್ಮ ಎದುರೇ ಅವರ ಕೋವಿ ಹೊಡೆಯೋಕೆ ಕೊಟ್ಟರು. ನಳಿಗೆ ಒಂದರ ಮೇಲೊಂದು ಇರೋದು, 3.6 ಕೆಜಿ. ಎತ್ತುವಾಗ ಕೈ ನಡುಗಿತು. 24 ಗ್ರಾಂ ತೋಟಾ. ಹೊಡೆದೆ. ಬಸ್ಸಿನಲ್ಲಿ ಹಿಂದಿನವರು ಸ್ವಲ್ಪ ಸರೀರಿ ಅಂತ ಭುಜಕ್ಕೆ ಕೈ ಇಟ್ಟಷ್ಟೇ. ಅಂದು ಒಂಬತ್ತು ತಟ್ಟೆ ಒಡೆದೆ, ಕಣ್ಣು ತೆರೆದುಕೊಂಡೇ.

ವಾಪಸ್ ಕೊಡಬಹುದಲ್ವಾ ಅಂತ ಕೇಳಬೇಡಿ. ಕೋವಿ ಸೀರೆ ಅಲ್ಲ. ನಂಬರ್ ಲೈಸೆನ್ಸ್‌ನಲ್ಲಿ ಏರಿದ ಮೇಲೆ ಮಾರಬೇಕಾದರೂ ಡಿಸಿ ಕಚೇರಿ ಕಾಗದ, ಕೊಳ್ಳೋರಿಗೂ ಲೈಸೆನ್ಸ್ ಇರಬೇಕು. ಡೀಲರ್ ಫೋನ್ ಎತ್ತಿದ, "ಅಭ್ಯಾಸ ಆಗುತ್ತೆ ಮೇಡಂ" ಅಂದ, ಇಟ್ಟ. 65 ಮಿಲಿಮೀಟರ್‌ನ ಮೆದು ತೋಟಾ ಹಾಸನದಲ್ಲಿ ಕೇಳಿದೆ, ಚಿಕ್ಕಮಗಳೂರಲ್ಲಿ ಕೇಳಿದೆ, ನನಗೆ ಸಿಗಲಿಲ್ಲ. ಕೋವಿ ಬೀರುವಿನಲ್ಲಿ ಮಲಗಿತು.

2024ರ ಲೋಕಸಭಾ ಚುನಾವಣೆಗೆ ಎಲ್ಲರ ಹಾಗೆ ನಾನೂ ಅದನ್ನು ಠಾಣೆಗೆ ಒಪ್ಪಿಸೋಕೆ ತಗೊಂಡು ಹೋದೆ. ನಂಬರ್ ಬರೆದುಕೊಳ್ಳುತ್ತಿದ್ದ ಪೊಲೀಸಿನವರು ಕೋವಿಯನ್ನು ಒಂದೇ ಕೈಯಲ್ಲಿ ಎತ್ತಿ ಮೇಲೆ ಕೆಳಗೆ ತೂಗಿ ನೋಡಿದರು.

"ಚೆನ್ನಾಗಿದೆ ಮೇಡಂ. ಹಗುರ ಇದೆ, ಒದೆಯಲ್ಲ ಅಲ್ವಾ?"