ಇನ್ಸುಲಿನ್ ತಗೊಳ್ಳುವಾಗ ಎಕ್ಸ್‌ಪೈರಿ ಡೇಟ್ ಒಂದನ್ನೇ ನಂಬಬೇಡಿ

ಡೊಂಬಿವಲಿ, ಠಾಣೆ ಕಡೆ ಇರುವ ನಮ್ಮವರೆಲ್ಲ ದಯವಿಟ್ಟು ಓದಿ. ಮನೆಯಲ್ಲಿ ಇನ್ಸುಲಿನ್ ತಗೊಳ್ಳುವವರಿದ್ದರೆ ಓದಲೇಬೇಕು.

ಅಮ್ಮನಿಗೆ ಹನ್ನೊಂದು ವರ್ಷದಿಂದ 30/70 ಇನ್ಸುಲಿನ್, ಅಂದರೆ ಬೇಗ ಕೆಲಸ ಮಾಡುವುದು, ನಿಧಾನಕ್ಕೆ ಮಾಡುವುದು ಎರಡೂ ಬೆರೆಸಿದ್ದು. ಕಳೆದ ತಿಂಗಳು ಮಾಮೂಲಿ ಅಂಗಡಿ ಬಿಟ್ಟು ಸ್ಟೇಷನ್ ಹತ್ತಿರದ ಒಂದು ಮೆಡಿಕಲ್‌ನಲ್ಲಿ ಎರಡು ಬಾಟಲಿ ತಂದೆ. 20 ಪರ್ಸೆಂಟ್ ಡಿಸ್ಕೌಂಟ್, ಆದರೆ ಬಿಲ್ ಇಲ್ಲ. ಬಿಲ್ ಇಲ್ಲ ಅಂದಾಗಲೇ ವಾಪಸ್ ಬರಬೇಕಿತ್ತು. ಬರಲಿಲ್ಲ. ಹುಡುಗ ಫ್ರಿಜ್‌ನ ಮೇಲಿನ ಖಾನೆಯಿಂದ ತೆಗೆದ. ಹೌದು, ಫ್ರೀಜರ್‌ನಿಂದ. ಡಬ್ಬಿಯ ರಟ್ಟಿನ ಮೇಲೆ ಬಿಳಿ ಮಂಜು ಕೂತಿತ್ತು. "ಏಕ್‌ದಮ್ ಠಂಡಾ ಹೈ" ಅಂದ. ಇಷ್ಟು ತಣ್ಣಗಿದೆ, ಒಳ್ಳೇದೇ ಅಲ್ವಾ ಅಂತ ನಾನೂ ಖುಷಿಯಿಂದ ತಂದೆ. ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ನಾಲ್ಕೇ ದಿನಕ್ಕೆ ಫಾಸ್ಟಿಂಗ್ ಶುಗರ್ 140ರಿಂದ 290ಕ್ಕೆ ಹೋಯಿತು. ಕದ್ದು ಸ್ವೀಟ್ ತಿಂದ್ಯಾ ಅಂತ ಅಮ್ಮನ ಮೇಲೇ ರೇಗಿದೆ. "ಇಲ್ಲ ಮಾರಾಯ" ಅಂತ ಕಣ್ಣಲ್ಲಿ ನೀರು ತಂದುಕೊಂಡರು.

ಡಾಕ್ಟರ್ ಬಾಟಲಿ ತರಿಸಿ, ಅಂಗೈಯಲ್ಲಿ ಉರುಳಿಸಿ, ಬೆಳಕಿಗೆ ಹಿಡಿದು ತೋರಿಸಿದರು. ಒಂದೇ ಸಮ ಹಾಲಿನಂತೆ ಆಗಬೇಕಿತ್ತು. ಇದು ಒಡೆದ ಹಾಲಿನ ಹಾಗಿತ್ತು, ಬಿಳಿ ಕಣ ಗಾಜಿಗೆಲ್ಲ ಅಂಟಿತ್ತು. ಇನ್ಸುಲಿನ್ ಒಂದು ಪ್ರೋಟೀನ್. ಹೆಪ್ಪುಗಟ್ಟಿದರೆ ಕೆಟ್ಟಿತು, ಮತ್ತೆ ಕರಗಿದರೂ ಅದನ್ನು ನಂಬುವ ಹಾಗಿಲ್ಲ. 2ರಿಂದ 8 ಡಿಗ್ರಿಯಲ್ಲಿಡಿ, ಫ್ರೀಜ್ ಮಾಡಬೇಡಿ ಅಂತ ಡಬ್ಬಿಯ ಮೇಲೇ ಇದೆ. ಹಾಗೆ ಇಟ್ಟರೆ ಮಾತ್ರ ಆ ಎಕ್ಸ್‌ಪೈರಿ ಡೇಟಿಗೆ ಬೆಲೆ.

ಅಂಗಡಿಗೆ ಹೋದೆ. ಮೊದಲು, "ಎಕ್ಸ್‌ಪೈರಿಗೆ ಇನ್ನೂ ಒಂದೂವರೆ ವರ್ಷ ಇದೆ." ಆಮೇಲೆ, "ನಿಮ್ಮ ಮನೆ ಫ್ರಿಜ್ ಸರಿಯಿಲ್ಲ." ಕೊನೆಗೆ, "ಫ್ರಿಜ್ ಕಾ ಮಾಲ್ ವಾಪಸ್ ನಹೀ ಹೋತಾ." ಇಷ್ಟು ಗೊತ್ತಿದ್ದವನು ಫ್ರೀಜರ್‌ನಲ್ಲಿ ಯಾಕಿಟ್ಟೆ ಅಂತ ಕೇಳಿದರೆ, "ಅಂಕಲ್, ಸೈಡ್ ಮೇ ಆಜಾವ್, ಕಸ್ಟಮರ್ ಖಡಾ ಹೈ." ನಾನು ಯಾರು ಹಾಗಾದರೆ? ಅಷ್ಟು ಜನರ ಮುಂದೆ ಸುಮ್ನೆ ಪಕ್ಕಕ್ಕೆ ಸರಿದು ನಿಂತೆ. ಕೈಯಲ್ಲಿ ಬಿಲ್ ಇಲ್ಲ, ಔಷಧಿ ಅಂಗಡಿಗಳ ಮೇಲೆ ಕಣ್ಣಿಡುವ ಸರ್ಕಾರಿ ಇಲಾಖೆ ಎಫ್‌ಡಿಎಗೆ ಏನು ತೋರಿಸಲಿ?

ಬಿಲ್ ತಗೊಳ್ಳಿ, ಅದರಲ್ಲಿ ಬ್ಯಾಚ್ ನಂಬರ್ ಇರಲಿ. ಯಾವ ಖಾನೆಯಿಂದ ತೆಗೆಯುತ್ತಾರೆ ನೋಡಿ. ಡಬ್ಬಿ ಮೇಲೆ ಮಂಜು ಕಂಡರೆ ಮುಟ್ಟಲೇಬೇಡಿ. ಮನೆಯಲ್ಲೂ ಐಸ್‌ಗೆ ತಾಗಿಸಿ ಇಡಬೇಡಿ. ಶುಗರ್ ಏರಿದರೆ ಮನೆಯವರನ್ನು ಬೈಯುವ ಮೊದಲು ಬಾಟಲಿ ನೋಡಿ.

ಹಳೇ ಅಂಗಡಿಯ ಬಾಟಲಿ ಶುರುಮಾಡಿದ ಮೇಲೆ ಅಮ್ಮನ ಶುಗರ್ 150ಕ್ಕೆ ಇಳಿದಿದೆ. ನಿನ್ನೆ ಮತ್ತೆ ಕ್ಷಮೆ ಕೇಳಿದೆ.